ಕೊಡ ಅವಳ ಸೊಂಟದ ಮೇಲೆ, ಸ್ಪ್ಯಾನರ್ ಯಾರ ಕೈಯಲ್ಲಿ? – ಸೊಲ್ಲಾಪುರದ ಪಂಪಿನ ಚರಿತ್ರೆ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಲ್ಲಿ ಶಾಲೆಯ ಪಕ್ಕದಲ್ಲೋ, ಗುಡಿಯ ಮುಂದೋ, ಓಣಿಯ ಕೊನೆಗೋ ಒಂದು ಕೈಪಂಪು ಕಣ್ಣಿಗೆ ಬೀಳುತ್ತದೆ. ಮರಾಠಿ ಮಾತಾಡುವವರು ಅದಕ್ಕೆ ಹಾಪಸಾ ಅನ್ನುತ್ತಾರೆ. ನಮ್ಮವರಲ್ಲಿ ಬಹಳ ಮಂದಿ ಬೋರಿಂಗ್ ಅನ್ನುತ್ತಾರೆ. ಸಿಮೆಂಟಿನ ಕಟ್ಟೆಯಲ್ಲಿ ಹೂತ ಮೂರು ಕಬ್ಬಿಣದ ಕಾಲು, ಮೇಲೊಂದು ಪೆಟ್ಟಿಗೆ, ಅದರಿಂದ ಹೊರಬಂದ ಉದ್ದನೆಯ ಹಿಡಿ. ಮನೆಮನೆಗೆ ನಳ ಬಂದ ಊರುಗಳಲ್ಲಿ ಎಷ್ಟೋ ಪಂಪುಗಳು ಈಗ ತುಕ್ಕು ಹಿಡಿದು ನಿಂತಿವೆ. ಅದರ ಹಿಡಿಗೆ ಎಮ್ಮೆ ಕಟ್ಟಿರುವುದನ್ನೂ ನೋಡಿದ್ದೇವೆ.

ಈ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಗೆ ಬಂದ ಕೈಪಂಪು ಇದೇ. 1990ರ ದಶಕದ ನಡುವಿನ ಹೊತ್ತಿಗೆ ಇಂಥ ಸುಮಾರು 50 ಲಕ್ಷ ಪಂಪುಗಳು ತಯಾರಾಗಿದ್ದವು. ಆಫ್ರಿಕಾದ ಹಳ್ಳಿಗಳಲ್ಲೂ ಇದು ನೀರು ಎತ್ತುತ್ತಿದೆ. ಇದಕ್ಕೆ ಆಧಾರವಾದ ಮಾದರಿಯ ಹೆಸರೇ ‘ಸೋಲಾಪುರ ಪಂಪ್’. ಅಂದರೆ ಜಗತ್ತಿಗೆ ನೀರು ಕುಡಿಸಿದ ಯಂತ್ರದ ಬೇರು ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ನಮ್ಮ ಈ ಬರದ ಸೀಮೆಯಲ್ಲಿದೆ.

ಇದು ಹೆಮ್ಮೆಯ ಕಥೆ. ಆದರೆ ಅದರೊಳಗೆ ಇನ್ನೊಂದು ಕಥೆ ಇದೆ. ಆ ಪಂಪಿನ ಹಿಡಿಯನ್ನು ಎತ್ತಿ ಇಳಿಸಿದ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಬೋರು ಎಲ್ಲಿ ಕೊರೆಯಬೇಕು, ಯಾವ ಪಂಪು ಹಾಕಬೇಕು, ಕೆಟ್ಟರೆ ಯಾರು ರಿಪೇರಿ ಮಾಡಬೇಕು ಎಂದು ತೀರ್ಮಾನಿಸಿದವರು ಬಹುತೇಕ ಗಂಡಸರು. ನೀರಿನ ಕೆಲಸ ಅವಳದು, ನೀರಿನ ಮಾತು ಅವನದು. ಈ ಅಂತರ ಹೇಗೆ ಬೆಳೆಯಿತು, ಎಲ್ಲಿ ಕಡಿಮೆಯಾಯಿತು, ಇವತ್ತು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಈ ಪಂಪನ್ನೇ ಹಿಡಿದುಕೊಂಡು ನೋಡೋಣ.

ಹಗ್ಗ, ರಾಟೆ ಮತ್ತು ಜಾತಿ

ದಖ್ಖನಿನ ನೆಲ ಕರಿಕಲ್ಲಿನ ನೆಲ. ಮೇಲೆ ಕಪ್ಪು ಮಣ್ಣು, ಕೆಳಗೆ ಗಟ್ಟಿ ಬಂಡೆ. ಮಳೆ ಕಡಿಮೆ, ಬಂದ ಮಳೆಯೂ ಬಂಡೆಯ ಮೇಲೆ ಹರಿದು ಹೋಗುತ್ತದೆ. ಹಿಂದೆ ಊರಿಗೆ ಒಂದೋ ಎರಡೋ ತೋಡುಬಾವಿ, ಕೆಲವು ಕಡೆ ಮೆಟ್ಟಿಲುಬಾವಿ. ಬೇಸಿಗೆಯಲ್ಲಿ ಬಾವಿ ಬತ್ತಿದರೆ ಹಳ್ಳದ ಉಸುಕಿನಲ್ಲಿ ವರತೆ ತೋಡಿ, ಬಟ್ಟಲಿನಿಂದ ತುಂಬಿಕೊಂಡು ಬರಬೇಕು.

ಆ ವ್ಯವಸ್ಥೆ ಕಷ್ಟದ್ದು, ಆದರೆ ಅದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇತ್ತು. ನೀರು ಎತ್ತುವ ಸಾಧನ ಹೆಣ್ಣುಮಕ್ಕಳ ಕೈಯಲ್ಲೇ ಇತ್ತು. ಕೊಡ ಅವಳದು, ಹಗ್ಗ ಅವಳದು. ಹಗ್ಗ ಹರಿದರೆ ಗಂಟು ಹಾಕುತ್ತಿದ್ದಳು. ಯಾವ ಬಾವಿಯಲ್ಲಿ ಎಷ್ಟು ಮಾರು ನೀರಿದೆ, ಯಾವ ತಿಂಗಳಲ್ಲಿ ಉಪ್ಪಾಗುತ್ತದೆ, ಯಾವುದರ ನೀರಿಗೆ ಬೇಳೆ ಬೇಯುವುದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಯಾಕೋಬನ ಬಾವಿಯ ಹತ್ತಿರ ಸಮಾರ್ಯದ ಸ್ತ್ರೀ ಯೇಸುವಿಗೆ ಎತ್ತಿ ತೋರಿಸಿದ್ದೂ ಇದನ್ನೇ ಅಲ್ಲವೇ? ಬಾವಿ ಆಳ, ನಿಮ್ಮ ಹತ್ತಿರ ಸೇದುವುದಕ್ಕೆ ಏನೂ ಇಲ್ಲ ಎಂದು. ಆಳವೆಷ್ಟು ಎಂದು ಗೊತ್ತಿದ್ದವಳು ಅವಳು.

ಆದರೆ ಎಲ್ಲ ಹೆಣ್ಣುಮಕ್ಕಳಿಗೂ ಬಾವಿಯ ಕಟ್ಟೆ ಹತ್ತುವ ಹಕ್ಕಿರಲಿಲ್ಲ. ದಲಿತ ಹೆಣ್ಣುಮಕ್ಕಳು ದೂರ ನಿಂತು, ಮೇಲಿನವರು ಯಾರಾದರೂ ಕನಿಕರದಿಂದ ಕೊಡಕ್ಕೆ ಹೊಯ್ಯಲಿ ಎಂದು ಕಾಯಬೇಕಿತ್ತು. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ಮಹಾಡದ ಚವದಾರ ಕೆರೆಗೆ ಇಳಿದು ನೀರು ಕುಡಿದದ್ದು ಈ ಕಾಯುವಿಕೆಯ ವಿರುದ್ಧ. ಆ ಕೆರೆಯ ಮೊಕದ್ದಮೆ ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾಗಲು 1937ರವರೆಗೆ ಹಿಡಿಯಿತು. ನಮ್ಮ ಸಭೆಗಳ ಎಷ್ಟೋ ಹಳೆಯ ಕುಟುಂಬಗಳಿಗೆ ಇದು ಬರೀ ಪುಸ್ತಕದ ಕಥೆಯಲ್ಲ. ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ಕೆಲವರು ಹೇಳದೆ ಸುಮ್ಮನಾಗುತ್ತಾರೆ.

ಮೆಟ್ಟಿಲುಬಾವಿಗೆ ಇನ್ನೊಂದು ಶಾಪವಿತ್ತು, ನಾರುಹುಣ್ಣು. ಆ ಹುಳುವಿನ ಸೂಕ್ಷ್ಮ ಮರಿಗಳಿದ್ದ ನೀರನ್ನು ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳಗಟ್ಟಲೆ ಉದ್ದದ ಹುಳು ಹೊರಬರುತ್ತಿತ್ತು. ಅದೇ ಕಾಲಿನಲ್ಲಿ ಅವರು ಮತ್ತೆ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ನೀರು ತರುವ ಕೆಲಸವೇ ರೋಗದ ದಾರಿಯಾಗಿತ್ತು.

ಬಂಡೆಯ ಕೆಳಗಿನ ನೀರು

1966–67ರಲ್ಲಿ ಬಿಹಾರದಲ್ಲಿ ಭೀಕರ ಬರ ಬಿತ್ತು. ಆಗ ಯುನಿಸೆಫ್ ಸಂಸ್ಥೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಹೊರದೇಶದಿಂದ ವಿಮಾನದಲ್ಲಿ ತರಿಸಿತು. ಗಾಳಿಯ ಒತ್ತಡದಿಂದ ಬಡಿದು ಕೊರೆಯುವ ಈ ಯಂತ್ರಗಳು, ಕೈಯಿಂದ ಬಾವಿ ತೋಡಲು ತಿಂಗಳುಗಟ್ಟಲೆ ಬೇಕಾಗುತ್ತಿದ್ದ ಆಳವನ್ನು ಒಂದೆರಡು ದಿನದಲ್ಲಿ ಮುಟ್ಟುತ್ತಿದ್ದವು. ಬಂಡೆಯ ಬಿರುಕುಗಳಲ್ಲಿ ಶುದ್ಧ ನೀರು ಸಿಕ್ಕಿತು. ಬಾವಿ ಬತ್ತಿದ ಮೇಲೂ ಅದು ಇರುತ್ತಿತ್ತು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತಮಿಳುನಾಡು ಎಲ್ಲ ಕಡೆ ಕೊರೆಯುವ ಲಾರಿಗಳು ಓಡಾಡತೊಡಗಿದವು.

1972ರ ಬರವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಸೊಲ್ಲಾಪುರ, ಸಾಂಗ್ಲಿ, ಆಚೆಗೆ ಬಿಜಾಪುರ ಎಲ್ಲವೂ ಬೆಂದುಹೋದ ಕಾಲ ಅದು. ಮಹಾರಾಷ್ಟ್ರ ಸರ್ಕಾರ ಆಗ ಶುರುಮಾಡಿದ ಉದ್ಯೋಗ ಖಾತರಿ ಯೋಜನೆಯ ಕೆಲಸಗಳಲ್ಲಿ ಜಲ್ಲಿ ಒಡೆದವರು, ಇಂಗುಕೆರೆಗಳಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತವರು ದೊಡ್ಡ ಸಂಖ್ಯೆಯಲ್ಲಿ ಹೆಂಗಸರೇ. ನಾವು ಇಂದು ನೋಡುವ ಎಷ್ಟೋ ಕೆರೆಯ ಏರಿಗಳು ಅವರ ತಲೆಯ ಮೇಲೆ ಬಂದ ಮಣ್ಣು.

ಬೋರು ಬಂದದ್ದರಿಂದ ಒಂದು ಬದಲಾವಣೆ ಆಯಿತು. ಬೋರಿನ ಬಾಯಿ ಒಂದು ಗೇಣಿಗಿಂತ ಕಿರಿದು. ಅದರಲ್ಲಿ ಕೊಡ ಇಳಿಯುವುದಿಲ್ಲ. ಪಂಪು ಇಲ್ಲದಿದ್ದರೆ ಕೆಳಗೆ ಎಷ್ಟೇ ನೀರಿದ್ದರೂ ಇಲ್ಲದ ಹಾಗೆಯೇ. ಇಷ್ಟು ದಿನ ಹಗ್ಗದ ಗಂಟು ತಾನೇ ಹಾಕುತ್ತಿದ್ದ ಹೆಣ್ಣುಮಗಳು ಈಗ ತಾಲ್ಲೂಕಿನಿಂದ ಬರುವ ಮೆಕ್ಯಾನಿಕನ ದಾರಿ ಕಾಯಬೇಕಾಯಿತು. ನೀರು ಹತ್ತಿರ ಬಂತು, ಆದರೆ ನೀರಿನ ಬೀಗದ ಕೈ ಅವಳ ಸೊಂಟದಿಂದ ಜಾರಿತು.

ನಾಲ್ಕರಲ್ಲಿ ಮೂರು ಕೆಟ್ಟು ನಿಂತವು

ಮೊದಲು ಹಾಕಿದ ಪಂಪುಗಳು ಎರಕದ ಕಬ್ಬಿಣದವು. ಯೂರೋಪು, ಅಮೆರಿಕದಲ್ಲಿ ಒಂದು ಮನೆಯವರು ತಮ್ಮ ಹಿತ್ತಲಿನಲ್ಲಿ ದಿನಕ್ಕೆ ನಾಲ್ಕಾರು ಬಾರಿ ಬಳಸಲೆಂದು ಮಾಡಿದ ಮಾದರಿಯ ನಕಲುಗಳು. ನಮ್ಮಲ್ಲಿ ಅವನ್ನು ಇಡೀ ಊರಿಗೆ ಒಂದರಂತೆ ಹಾಕಿದರು. ಬೆಳಗಿನ ಜಾವ ನಾಲ್ಕಕ್ಕೆ ಶುರುವಾದ ಸರದಿ ರಾತ್ರಿ ಕತ್ತಲಾದರೂ ಮುಗಿಯುತ್ತಿರಲಿಲ್ಲ. ಅಷ್ಟು ದುಡಿತ ಆ ಪಂಪು ತಡೆಯಲಿಲ್ಲ. ಹಿಡಿ ಮುರಿಯಿತು, ಮೊಳೆ ಸವೆಯಿತು, ಒಳಗಿನ ಚರ್ಮದ ವಾಷರ್ ಹರಿಯಿತು. 1970ರ ದಶಕದ ನಡುವೆ ಲೆಕ್ಕ ಹಾಕಿ ನೋಡಿದಾಗ ಸುಮಾರು ನಾಲ್ಕರಲ್ಲಿ ಮೂರು ಪಂಪುಗಳು ಕೆಟ್ಟು ನಿಂತಿದ್ದವು.

ಕಬ್ಬಿಣ ಕಳಪೆ ಎಂದು ಸುಲಭವಾಗಿ ಹೇಳಬಹುದು, ಅದು ನಿಜವೂ ಹೌದು. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆಯೊಂದಿತ್ತು: ಈ ಹಿಡಿಯನ್ನು ದಿನಕ್ಕೆ ಎಷ್ಟು ಜನ, ಎಷ್ಟು ಹೊತ್ತು, ಯಾವ ವಯಸ್ಸಿನವರು ಹಿಡಿಯುತ್ತಾರೆ? ಸರದಿಯಲ್ಲಿ ನಿಲ್ಲುವವರನ್ನು ಕೇಳಿದ್ದರೆ ಒಂದು ದಿನದಲ್ಲಿ ಉತ್ತರ ಸಿಗುತ್ತಿತ್ತು.

ಉತ್ತರ ಹುಡುಕಿದವರು ದೊಡ್ಡ ಕಾರ್ಖಾನೆಯವರಲ್ಲ. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದ ಕಡೆ ಬರಪರಿಹಾರದಲ್ಲಿ ತೊಡಗಿದ್ದ ಮಿಷನ್ ಮತ್ತು ಸ್ವಯಂಸೇವಾ ಸಂಸ್ಥೆಗಳ ಕಾರ್ಯಾಗಾರದವರು. ದಿನವೂ ಕೆಟ್ಟ ಪಂಪು ರಿಪೇರಿ ಮಾಡಿ ಬೇಸತ್ತವರು. ಅವರು ಎರಕದ ಕಬ್ಬಿಣ ಬಿಟ್ಟು ಉಕ್ಕಿನ ತಗಡು ಬೆಸೆದು ಪಂಪಿನ ತಲೆ ಮಾಡಿದರು. ಹಲವು ಕೀಲುಗಳಿದ್ದ ಹಿಡಿಯನ್ನು ಒಂದೇ ಕೀಲಿಗೆ ಇಳಿಸಿದರು. ಹಿಡಿಯ ತುದಿಗೆ ಕಮಾನಿನ ಆಕಾರದ ತುಂಡು ಕೂರಿಸಿ, ಅದರ ಮೇಲೆ ಸರಪಳಿ ಹಾಯಿಸಿ ಅದಕ್ಕೆ ಸರಳನ್ನು ತೂಗುಹಾಕಿದರು. ಸರಪಳಿ ಕಮಾನಿನ ಮೇಲೆ ಸುತ್ತಿ ಬಿಚ್ಚಿಕೊಳ್ಳುವುದರಿಂದ ಸರಳು ಅತ್ತಿತ್ತ ವಾಲದೆ ನೇರವಾಗಿ ಮೇಲೆ ಕೆಳಗೆ ಆಡುತ್ತದೆ, ಸವೆತ ಕಡಿಮೆ. ಕೈಗೂ ಹಗುರ.

ಭಾರತ ಸರ್ಕಾರ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಈ ಸೋಲಾಪುರ ಪಂಪನ್ನೇ ಆಧಾರವಾಗಿ ತೆಗೆದುಕೊಂಡು ತಿದ್ದಿದವು. ಕೊಯಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ, ನೀರು ಬಹಳ ಆಳದಲ್ಲಿರುವ ಬೋರುಗಳಲ್ಲಿ ಪರೀಕ್ಷೆ ನಡೆಯಿತು. 1977–78ರ ಹೊತ್ತಿಗೆ ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಿಂದ ಇಂಡಿಯಾ ಮಾರ್ಕ್ 2 ಹೊರಬಂತು. ಈ ವಿನ್ಯಾಸದ ಮೇಲೆ ಯಾರೂ ಪೇಟೆಂಟ್ ಹಕ್ಕು ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಬಹುದು, ಆದರೆ ಸರ್ಕಾರ ಗೊತ್ತುಪಡಿಸಿದ ಗುಣಮಟ್ಟಕ್ಕೆ ಸರಿಯಾಗಿ ಮಾಡಬೇಕು. ಅದಕ್ಕೇ ಇದು ದೇಶದಿಂದ ದೇಶಕ್ಕೆ ಹರಡಿತು.

ಇದರ ಫಲ ಸಣ್ಣದಲ್ಲ. ಪಂಪಿನ ನೀರಿಗೆ ಯಾರೂ ಕಾಲಿಡಲಾರರು. ಜನರಿಗೆ ನೀರು ಸೋಸಿ ಕುಡಿಯಲು ಕಲಿಸಿದ್ದು, ಮೆಟ್ಟಿಲುಬಾವಿಗಳನ್ನು ಬದಲಾಯಿಸಿದ್ದು, ಕೈಪಂಪು ಹಾಕಿದ್ದು ಎಲ್ಲ ಸೇರಿ ನಾರುಹುಣ್ಣು ಈ ದೇಶದಿಂದಲೇ ಹೋಯಿತು. ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತ ಎಂದು ಸಾರಿತು. ದಲಿತ ಕೇರಿಯಲ್ಲೇ ಪಂಪು ಬಂದ ಊರುಗಳಲ್ಲಿ, ಯಾರದೋ ಕನಿಕರಕ್ಕೆ ಕಾಯುವ ಕೆಲಸ ತಪ್ಪಿತು.

ಹಿಡಿ ಸಿಕ್ಕಿತು, ಸ್ಪ್ಯಾನರ್ ಸಿಗಲಿಲ್ಲ

ಪಂಪು ಗಟ್ಟಿಯಾದರೂ ಎಂದಾದರೂ ಒಂದು ದಿನ ಕೆಡಲೇಬೇಕು. ಅದಕ್ಕಾಗಿ ತಮಿಳುನಾಡಿನಲ್ಲಿ ಮೊದಲು ಮೂರು ಹಂತದ ವ್ಯವಸ್ಥೆ ಮಾಡಿದರು: ಊರಿನಲ್ಲಿ ಪಂಪಿನ ಮೇಲೆ ಕಣ್ಣಿಡಲು ಒಬ್ಬ ಉಸ್ತುವಾರಿಗಾರ, ಬ್ಲಾಕಿಗೆ ಮೆಕ್ಯಾನಿಕ್, ಜಿಲ್ಲೆಗೆ ವ್ಯಾನಿನಲ್ಲಿ ತಿರುಗುವ ತಂಡ. ಬೇರೆ ರಾಜ್ಯಗಳೂ ಇದನ್ನು ಹಿಡಿದವು. ಕಾಗದದ ಮೇಲೆ ಚೆನ್ನಾಗಿತ್ತು. ಊರಿನ ಉಸ್ತುವಾರಿಗಾರ ಸಾಮಾನ್ಯವಾಗಿ ನಾಲ್ಕಕ್ಷರ ಓದಿದ ಒಬ್ಬ ಯುವಕ. ಅವನು ನೀರು ತರುವವನಲ್ಲ. ಪಂಪು ಕೆಟ್ಟ ದಿನ ಅವನ ಸೊಂಟ ನೋಯುವುದಿಲ್ಲ.

ಯಂತ್ರದಲ್ಲೂ ಒಂದು ತೊಡಕಿತ್ತು. ಮಾರ್ಕ್ 2ರಲ್ಲಿ ಹೆಚ್ಚಾಗಿ ಸವೆಯುವುದು ನೆಲದೊಳಗೆ, ಸಿಲಿಂಡರಿನಲ್ಲಿರುವ ವಾಷರ್. ಅಂಗೈಯಗಲದ ಆ ವಾಷರ್ ಬದಲಾಯಿಸಬೇಕಾದರೆ ಉದ್ದಕ್ಕೂ ಇಳಿಸಿದ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವಿಶೇಷ ಸಾಮಾನು ಬೇಕು, ನಾಲ್ಕೈದು ಜನ ಬೇಕು, ವ್ಯಾನ್ ಬೇಕು. ವ್ಯಾನ್ ಬರುವವರೆಗೆ ಹಳೆಯ ಹಳ್ಳದ ದಾರಿಯೇ ಗತಿ.

1980ರ ದಶಕದಲ್ಲಿ ಇದಕ್ಕೆ ಉತ್ತರವಾಗಿ ಮಾರ್ಕ್ 3 ಬಂತು. ಅದರ ಪೈಪು ಅಗಲ. ಹೀಗಾಗಿ ಪೈಪನ್ನು ಮುಟ್ಟದೆಯೇ ಒಳಗಿನ ಪಿಸ್ಟನ್ನನ್ನು ಮೇಲಿನಿಂದಲೇ ಎಳೆದು ತೆಗೆಯಬಹುದು. ಒಂದಿಬ್ಬರು, ಸ್ವಲ್ಪ ತರಬೇತಿ, ಕೆಲವೇ ಉಪಕರಣ ಇದ್ದರೆ ಸಾಕು. ಊರಿನವರೇ ನಡೆಸಿ ಊರಿನವರೇ ರಿಪೇರಿ ಮಾಡುವಂಥ ಪಂಪು ಬೇಕು ಎಂಬ ವಿಚಾರ ಆಗ ಜಗತ್ತಿನಾದ್ಯಂತ ಬಲವಾಗುತ್ತಿತ್ತು. ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕ ಎಂದು ಕರೆದಿತ್ತು. ಹತ್ತು ವರ್ಷ ಮುಗಿಯುವ ಹೊತ್ತಿಗೆ ಯೋಜಕರಿಗೆ ಅರ್ಥವಾದ ಒಂದು ಮಾತು, ನಮ್ಮ ಅಜ್ಜಿಯರನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದ ಮಾತು: ನೀರು ತರುವವರನ್ನು ಬಿಟ್ಟು ನೀರಿನ ಯೋಜನೆ ನಿಲ್ಲುವುದಿಲ್ಲ. 1992ರ ಜನವರಿಯಲ್ಲಿ ಡಬ್ಲಿನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ನೀರಿನ ಬಗ್ಗೆ ನಾಲ್ಕು ತತ್ವಗಳನ್ನು ಒಪ್ಪಿತು. ನೀರನ್ನು ಒದಗಿಸುವುದರಲ್ಲಿ, ನಿರ್ವಹಿಸುವುದರಲ್ಲಿ, ಕಾಪಾಡುವುದರಲ್ಲಿ ಮಹಿಳೆಯರ ಪಾತ್ರ ಕೇಂದ್ರದ್ದು ಎಂಬುದು ಅದರಲ್ಲಿ ಮೂರನೆಯದು.

ಬಾಂದಾದ ಮೆಕ್ಯಾನಿಕ್ ಅಕ್ಕಂದಿರು

ತತ್ವ ಡಬ್ಲಿನ್‌ನಲ್ಲಿ ಬರೆದದ್ದು. ಅದನ್ನು ಕೈಯಿಂದ ಮಾಡಿ ತೋರಿಸಿದವರು ಬುಂದೇಲಖಂಡದ ಬಡ ಹೆಣ್ಣುಮಕ್ಕಳು.

1989ರ ಹೊತ್ತಿಗೆ ಕೇಂದ್ರ ಶಿಕ್ಷಣ ಇಲಾಖೆಯ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್ ರಾಜ್ಯಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಹಿಡಿದ ಜಿಲ್ಲೆಗಳಲ್ಲಿ ಜತ್ತ, ಸೊಲ್ಲಾಪುರಕ್ಕೆ ಅಂಟಿಕೊಂಡ ಬಿಜಾಪುರವೂ ಒಂದು. ಹಳ್ಳಿಯ ಬಡ ಹೆಣ್ಣುಮಕ್ಕಳು ಸಂಘ ಕಟ್ಟಿ, ತಮಗೆ ಏನು ಬೇಕೆಂದು ತಾವೇ ಹೇಳಲಿ ಎಂಬುದು ಅದರ ಕ್ರಮ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಹೆಂಗಸರು ಮೊದಲು ಹೇಳಿದ್ದು ನೀರು. ಪಂಪುಗಳಿವೆ, ಕೆಟ್ಟಿವೆ, ರಿಪೇರಿಗೆ ಯಾರೂ ಬರುವುದಿಲ್ಲ.

ಹಾಗಾದರೆ ನೀವೇ ಕಲಿಯುತ್ತೀರಾ ಎಂಬ ಪ್ರಶ್ನೆ ಬಂತು. ಕಲಿಯಲು ಮುಂದೆ ಬಂದವರಲ್ಲಿ ಹೆಚ್ಚಿನವರು ದಲಿತ ಮತ್ತು ಕೋಲ್ ಆದಿವಾಸಿ ಹೆಣ್ಣುಮಕ್ಕಳು. ಬಹಳ ಮಂದಿಗೆ ಓದು ಬರಹ ಇರಲಿಲ್ಲ. ಹೆಂಗಸರು ಪೈಪ್ ಎತ್ತುತ್ತಾರೆಯೇ ಎಂದು ನಕ್ಕವರಿದ್ದರು. ಸೀರೆಯ ಸೆರಗು ಸಿಕ್ಕಿಸಿಕೊಂಡು, ಹೊತ್ತುಕೊಂಡು ಹೋದ ಸಾಮಾನಿನ ಚೀಲ ಬಿಚ್ಚಿ, ಪೈಪ್ ಮೇಲೆ ಪೈಪ್ ಎಳೆದು ವಾಷರ್ ಬದಲಿಸಿ, ಮೊದಲ ಕೊಡ ತುಂಬಿಸಿದ ಮೇಲೆ ನಗು ನಿಂತಿತು. ಅವರು ಮುಟ್ಟಿದ ನೀರು ಕುಡಿಯದ ಮೇಲ್ಜಾತಿಯ ಓಣಿಗಳಲ್ಲೂ ಪಂಪು ಕೆಡುತ್ತಿತ್ತು. ಅಲ್ಲಿಗೂ ಇವರನ್ನೇ ಕರೆಯಬೇಕಾಯಿತು.

ಮುಂದೆ ನಡೆದದ್ದು ಇನ್ನೂ ದೊಡ್ಡದು. ರಿಪೇರಿಯ ಲೆಕ್ಕ ಬರೆಯಬೇಕು: ಯಾವ ಊರು, ಯಾವ ತಾರೀಖು, ಎಷ್ಟು ಪೈಪು, ಏನು ಸಾಮಾನು. ಅದಕ್ಕೆ ಅಕ್ಷರ ಬೇಕಾಯಿತು. ಅಕ್ಷರ ಕಲಿಸಿ ಎಂದು ಅವರೇ ಕೇಳಿದರು. ಕಲಿತದ್ದನ್ನು ಮರೆಯದಿರಲು ‘ಮಹಿಳಾ ಡಾಕಿಯಾ’ ಎಂಬ ಸಣ್ಣ ಪತ್ರಿಕೆ ತಂದರು. ಅದೇ ನೆಲದಲ್ಲಿ 2002ರಲ್ಲಿ ಗ್ರಾಮೀಣ ಮಹಿಳೆಯರೇ ನಡೆಸುವ ‘ಖಬರ್ ಲಹರಿಯಾ’ ಪತ್ರಿಕೆ ಹುಟ್ಟಿತು. ಇಂದು ದೇಶವೆಲ್ಲ ಅದನ್ನು ಬಲ್ಲದು. ಸ್ಪ್ಯಾನರ್ ಹಿಡಿದ ಕೈ ಪೆನ್ನು ಹಿಡಿಯಿತು.

ನಮ್ಮ ಸೊಲ್ಲಾಪುರದ ಕಾರ್ಯಾಗಾರ ಪಂಪನ್ನು ಗಟ್ಟಿ ಮಾಡಿತು. ಬಾಂದಾದ ಅಕ್ಕಂದಿರು ಅದನ್ನು ತಮ್ಮದು ಮಾಡಿಕೊಂಡರು. ಎರಡೂ ಬೇಕಾಗಿದ್ದವು. ಮೊದಲನೆಯದರಿಂದ ನೀರು ಸಿಕ್ಕಿತು, ಎರಡನೆಯದರಿಂದ ನೀರಿನ ಮೇಲೆ ಮಾತು ಸಿಕ್ಕಿತು.

ಹೊಲದ ನೀರು ಯಾರ ಹೆಸರಲ್ಲಿ?

ಇಷ್ಟು ಹೊತ್ತು ಕುಡಿಯುವ ನೀರಿನ ಮಾತಾಯಿತು. ಹೊಲದ ನೀರಿನಲ್ಲಿ ಅಂತರ ಇನ್ನೂ ಆಳ. ನಮ್ಮ ಸೀಮೆಯಲ್ಲಿ ಕಳೆ ತೆಗೆಯುವವರು, ಬಿತ್ತುವವರು, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಗಂಡನ ಜೊತೆ ಲಾಟೀನು ಹಿಡಿದು ಹೋಗುವವರು ಹೆಂಗಸರೂ ಹೌದು. ಆದರೆ ಕಾಲುವೆಯ ನೀರಿನ ಪಾಲು ಹೊಲದ ದಾಖಲೆಯನ್ನು ನೋಡಿ ಬರುತ್ತದೆ. ನೀರು ಬಳಕೆದಾರರ ಸಂಘದ ಸದಸ್ಯತ್ವವೂ ಹಾಗೆಯೇ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿ ನಡೆಯುವುದು ನೂರಕ್ಕೆ ಸುಮಾರು 14 ಮಾತ್ರ. ಹೊಲ ಅವಳ ಹೆಸರಲ್ಲಿಲ್ಲ, ಆದ್ದರಿಂದ ನೀರೂ ಅವಳ ಹೆಸರಲ್ಲಿಲ್ಲ.

ಬೇರೆ ದಾರಿ ಸಾಧ್ಯ ಎಂದು ತೋರಿಸಿದ್ದು ಜತ್ತ ತಾಲ್ಲೂಕು ಇರುವ ಸಾಂಗ್ಲಿ ಜಿಲ್ಲೆಯೇ. ಅಲ್ಲಿಯ ತಾಂದುಳವಾಡಿ, ಬಲವಡಿ ಊರಿನವರು 1980ರ ದಶಕದಲ್ಲಿ ಯೇರಳಾ ನದಿಗೆ ತಾವೇ ಒಂದು ಅಣೆಕಟ್ಟು ಕಟ್ಟಿಕೊಂಡರು. ಹೆಸರು ಬಳಿರಾಜಾ. ಗುತ್ತಿಗೆದಾರರು ಮನಬಂದಂತೆ ಉಸುಕು ತೆಗೆದು ನದಿಯನ್ನು ಬತ್ತಿಸುತ್ತಿದ್ದುದನ್ನು ತಡೆದು, ಮಿತಿಯಲ್ಲಿ ತಾವೇ ಉಸುಕು ಮಾರಿ ಕಟ್ಟೆಗೆ ಹಣ ಕೂಡಿಸಿದರು. ಆ ನೀರಿನ ಹಂಚಿಕೆಗೆ ಅವರು ಇಟ್ಟುಕೊಂಡ ನಿಯಮ ಸರಳ: ನೀರು ಭೂಮಿಯ ಅಳತೆಗಲ್ಲ, ಜನರಿಗೆ. ಭೂಮಿ ಇಲ್ಲದವರಿಗೂ ಪಾಲು ಉಂಟು. ನೀರಿನ ಹಕ್ಕನ್ನು ಭೂಮಿಯಿಂದ ಬಿಡಿಸಿದರೆ ಭೂಮಿ ಹೆಸರಲ್ಲಿಲ್ಲದ ಹೆಣ್ಣುಮಗಳಿಗೂ ಬಾಗಿಲು ತೆರೆಯುತ್ತದೆ.

ಇನ್ನೊಂದು ದಾರಿ ಭೂಮಿಯನ್ನೇ ಅವಳ ಹೆಸರಿಗೂ ಬರೆಯುವುದು. ಇದು ನಮ್ಮ ಮನೆಗಳಿಗೆ ನೇರ ಸಂಬಂಧಿಸಿದ ಮಾತು. ಕ್ರೈಸ್ತರಿಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು. ಕೇರಳದ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೆ ಬೇರೆ ಹಳೆಯ ಕಾಯ್ದೆಯಿಂದಾಗಿ ಈ ಹಕ್ಕು ತಪ್ಪಿತ್ತು. ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅವರಿಗೂ ಸಮಪಾಲು ಬಂತು. ಕಾನೂನು ಹೀಗಿದೆ. ಆದರೆ ಮದುವೆಯಲ್ಲಿ ಕೊಟ್ಟಿದ್ದೇವಲ್ಲ, ಇನ್ನೇನು ಪಾಲು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಆ ಮಾತಿನಲ್ಲಿ ಹೋಗುವುದು ಹೊಲ ಒಂದೇ ಅಲ್ಲ, ಹೊಲದ ಬಾವಿಯೂ, ಕಾಲುವೆಯ ಸರದಿಯೂ ಹೋಗುತ್ತದೆ.

ಸಹಿ ಯಾರದು, ಮಾತು ಯಾರದು?

1993ರ ಏಪ್ರಿಲ್ 24ರಂದು ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಪಂಚಾಯಿತಿಗಳಲ್ಲಿ ಕನಿಷ್ಠ ಮೂರನೇ ಒಂದು ಸ್ಥಾನ ಮಹಿಳೆಯರಿಗೆ ಎಂದಾಯಿತು. ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಕುಡಿಯುವ ನೀರು, ಸಣ್ಣ ನೀರಾವರಿ ಎರಡೂ ಸೇರಿದವು. ಮುಂದೆ ಕೇರಳ, ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡು, ತೆಲಂಗಾಣ ಒಂದೊಂದಾಗಿ ಈ ಪಾಲನ್ನು ಅರ್ಧಕ್ಕೆ ಏರಿಸಿದವು. ಗಡಿಯ ಈಚೆ ಆಚೆ ಎಲ್ಲಿದ್ದರೂ ನಿಮ್ಮ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳ ಕುರ್ಚಿಗಳು ಇವೆ.

2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಳ ಇದ್ದದ್ದು ಸುಮಾರು 3.23 ಕೋಟಿಗೆ, ಅಂದರೆ ನೂರಕ್ಕೆ 17ರಷ್ಟಕ್ಕೆ. 2024ರ ಹೊತ್ತಿಗೆ ಈ ಲೆಕ್ಕ 15 ಕೋಟಿ ದಾಟಿತು. ಯೋಜನೆಯ ನಿಯಮದಲ್ಲಿ ಎರಡು ಮುಖ್ಯ ಮಾತುಗಳಿವೆ. ಒಂದು, ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಎರಡು, ಪ್ರತಿ ಊರಿನಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರಿನ ಪರೀಕ್ಷೆ ಕಲಿಸಬೇಕು.

ಒಂದು ಕಾಲಕ್ಕೆ ಕೇಳಲಾಗದ ಮಾತುಗಳು ಇವು. ಆದರೂ ನಾವು ನೋಡುವುದೇನು? ಸಮಿತಿಯ ಪಟ್ಟಿಯಲ್ಲಿ ಹೆಸರಿದೆ, ಸಭೆಯ ವಿಚಾರ ಆ ಹೆಸರಿನವರಿಗೇ ತಿಳಿದಿಲ್ಲ. ಸದಸ್ಯೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂತಿರುತ್ತಾರೆ, ನಡಾವಳಿ ಪುಸ್ತಕ ಸಹಿಗಾಗಿ ಮನೆಗೆ ಬರುತ್ತದೆ. ಸಭೆ ಇಡುವುದು ಬೆಳಿಗ್ಗೆ ಹತ್ತಕ್ಕೆ, ರೊಟ್ಟಿ ಬಡಿದು ಕೂಲಿಗೆ ಹೋಗುವ ಹೊತ್ತಿಗೆ. ನಳ ಬಿಡುವ ಸಮಯ ಗೊತ್ತುಮಾಡುವವನು ಒಬ್ಬ, ಆ ಸಮಯಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕಾಯುವವಳು ಇನ್ನೊಬ್ಬಳು.

ನಳ ಬಂದ ಮೇಲೂ ಇದೆಲ್ಲ ಯಾಕೆ ಮುಖ್ಯ ಎಂದು ಕೇಳಬಹುದು. ಕೈಪಂಪಿನ ಚರಿತ್ರೆಯೇ ಅದಕ್ಕೆ ಉತ್ತರ ಹೇಳುತ್ತದೆ. ಅದು ಬಂದಾಗಲೂ ನೀರಿನ ಕಷ್ಟ ಮುಗಿಯಿತು ಎಂದುಕೊಂಡಿದ್ದರು. ಬಳಸುವವರ ಮಾತಿಗೆ ಜಾಗವಿಲ್ಲದೆ ಹಾಕಿದ ಪಂಪುಗಳಲ್ಲಿ ನಾಲ್ಕರಲ್ಲಿ ಮೂರು ಕೆಟ್ಟವು. ನಳಕ್ಕೂ ಮೋಟಾರಿದೆ, ವಾಲ್ವ್ ಇದೆ, ಕರೆಂಟ್ ಬಿಲ್ ಇದೆ, ಬತ್ತುವ ಬೋರಿದೆ. ನಳ ನಿಂತ ದಿನ ಕೊಡ ಹಿಡಿದು ಹೊರಡುವವರು ಯಾರೆಂದು ನಮಗೆ ಗೊತ್ತೇ ಇದೆ. ಜಗತ್ತಿನ ಲೆಕ್ಕವೂ ಹಾಗೆಯೇ ಇದೆ. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಮನೆಯ ಆವರಣದಲ್ಲಿ ನೀರಿಲ್ಲದ 10 ಕುಟುಂಬಗಳಲ್ಲಿ 7ರಲ್ಲಿ ನೀರು ತರುವ ಹೊಣೆ ಹೆಂಗಸರು, ಹುಡುಗಿಯರ ಮೇಲಿದೆ.

ನಮ್ಮ ಯುವಜನ ಕೂಟಕ್ಕೆ

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಕೂತು ಇವನ್ನು ಮಾತಾಡಿಕೊಳ್ಳಿ.

ನಿಮ್ಮ ಊರಿನ ನೀರು ಸಮಿತಿಯಲ್ಲಿ ಯಾರಿದ್ದಾರೆ? ಪಂಚಾಯಿತಿ ಕಚೇರಿಗೆ ಹೋಗಿ ಪಟ್ಟಿ ಕೇಳಿ. ಅದರಲ್ಲಿರುವ ಅಕ್ಕಂದಿರನ್ನು ಭೇಟಿಯಾಗಿ, ಕಳೆದ ಸಭೆಯಲ್ಲಿ ಏನಾಯಿತು ಎಂದು ವಿಚಾರಿಸಿ. ಅವರಿಗೆ ಗೊತ್ತಿಲ್ಲದಿದ್ದರೆ ಮುಂದಿನ ಸಭೆಗೆ ಅವರ ಜೊತೆ ಹೋಗಿ.

ನೀರು ಪರೀಕ್ಷೆಯ ಕಿಟ್ ಊರಿಗೆ ಬಂದಿದೆಯೇ? ಯಾರ ಹತ್ತಿರ ಇದೆ? ನಮ್ಮ ಹುಡುಗಿಯರಲ್ಲಿ ವಿಜ್ಞಾನ ಓದುತ್ತಿರುವವರು ಅದನ್ನು ಕಲಿಯಬಹುದು.

ನಿಮ್ಮ ಮನೆಯಲ್ಲಿ ಇವತ್ತು ನೀರು ತುಂಬಿದವರು ಯಾರು? ಇದು ಹುಡುಗರಿಗೆ ಪ್ರಶ್ನೆ. ಸಮಾನತೆಯ ಭಾಷಣಕ್ಕಿಂತ ಎರಡು ಕೊಡ ಹೊತ್ತು ತರುವುದು ಹೆಚ್ಚು ತೂಕದ್ದು.

ಮನೆಯ ಹೊಲದ ಕಾಗದದಲ್ಲಿ ಯಾರ ಹೆಸರಿದೆ? ಅಪ್ಪ, ಅಣ್ಣಂದಿರ ಜೊತೆ ಈ ಮಾತು ಎತ್ತುವುದು ಸುಲಭವಲ್ಲ. ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೆ ಎಂದು ಶುರುಮಾಡಿ.

ಮತ್ತು ಸಾಧ್ಯವಾದರೆ ಊರಿನ ಹಳೆಯ ಪಂಪಿನ ಹತ್ತಿರ ಒಮ್ಮೆ ನಿಲ್ಲಿ. ಇನ್ನೂ ನೀರು ಬರುತ್ತದೆಯೇ ನೋಡಿ. ನಳ ಕೈಕೊಟ್ಟ ಬೇಸಿಗೆಯಲ್ಲಿ ಅದೇ ಬೇಕಾಗಬಹುದು. ಎಮ್ಮೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿ, ರಿಪೇರಿಗೆ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಆ ಅರ್ಜಿಯ ಕೆಳಗೆ ಮೊದಲ ಸಹಿ, ಆ ಪಂಪಿನಿಂದ ವರ್ಷಗಟ್ಟಲೆ ನೀರು ಹೊತ್ತ ಒಬ್ಬ ತಾಯಿಯದಾಗಿರಲಿ.